ಹಳೆಯ ಸೇಫ್ಟಿ ರೇಜರ್: ಆರಿಸಿ ತರುವುದರಿಂದ ಮರದ ಪೆಟ್ಟಿಗೆ ಮಾಡಿ ಇಡುವವರೆಗೆ

ಹಳೆಯ ರೇಜರ್ ಹುಡುಕುವವರು ರೇಜರ್ ಮೇಲೆ ಕಣ್ಣಿಡುತ್ತಾರೆ. ಅದನ್ನು ಇಡುವ ಪೆಟ್ಟಿಗೆ ಮಾತ್ರ ಕೊನೆಗೆ ನೆನಪಾಗುತ್ತದೆ. ಆದರೆ ಬಚ್ಚಲುಮನೆಯ ತೇವವನ್ನು ಎಂಬತ್ತು ವರ್ಷ ತಡೆದುಕೊಂಡ ಬೆಳ್ಳಿ ಲೇಪದ ರೇಜರ್ ಕೂಡ, ತಪ್ಪು ಬಟ್ಟೆ ಹಾಸಿದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಬೇಗ ಕಪ್ಪಾಗುತ್ತದೆ. ಬಟ್ಟೆ, ಅಂಟು, ಪಾಲಿಷ್, ಮರ ಎಲ್ಲವೂ ಗಾಳಿಗೆ ಏನನ್ನಾದರೂ ಬಿಡುತ್ತಲೇ ಇರುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಗಾಳಿಗೆ ಹೋಗಲು ಬೇರೆ ದಾರಿಯಿಲ್ಲ, ಅದು ರೇಜರ್ ಮೇಲೇ ಕೂರುತ್ತದೆ. ಹಾಗಾಗಿ ಪೆಟ್ಟಿಗೆ ಚೆಂದ ಕಾಣುವುದು ಎರಡನೇ ಮಾತು, ಅದು ರೇಜರ್‌ಗೆ ಕೇಡು ಮಾಡಬಾರದು ಅನ್ನೋದು ಮೊದಲ ಮಾತು. ಈ ಬರಹದಲ್ಲಿ ರೇಜರ್ ಆರಿಸುವುದು, ತೊಳೆಯುವುದು, ಅಳತೆ ತೆಗೆಯುವುದು, ಪೆಟ್ಟಿಗೆ ಕಟ್ಟುವುದು ಎಲ್ಲವೂ ಈ ಒಂದು ಮಾತಿಗೆ ಹೊಂದಿಕೊಂಡೇ ಬರುತ್ತವೆ.

ಮೊದಲು ಸ್ವಲ್ಪ ಹಿನ್ನೆಲೆ

ನ್ಯೂಯಾರ್ಕಿನ ಕ್ಯಾಂಫೆ ಸಹೋದರರು 1880ರಲ್ಲಿ ಪೇಟೆಂಟ್ ಪಡೆದ ರೇಜರ್‌ಗೆ ಸೇಫ್ಟಿ ರೇಜರ್ ಎಂಬ ಹೆಸರಿತ್ತು. ಅದರ ಬ್ಲೇಡ್ ದಪ್ಪ, ಆಗಾಗ ಮಸೆಯಬೇಕಿತ್ತು. ಮಸೆಯುವ ಗೋಜೇ ಇಲ್ಲದ, ಮೊಂಡಾದರೆ ಎಸೆಯುವ ತೆಳು ಬ್ಲೇಡ್ ಕಿಂಗ್ ಕ್ಯಾಂಪ್ ಜಿಲೆಟ್ ಎಂಬ ವ್ಯಾಪಾರಿಯ ಯೋಚನೆ. ಅಷ್ಟು ತೆಳು ಉಕ್ಕಿನ ಹಾಳೆಯನ್ನು ಸೊಟ್ಟಗಾಗದಂತೆ ಹದ ಮಾಡುವ ದಾರಿ ಹುಡುಕಿದವರು ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್. 1901ರಲ್ಲಿ ಬಾಸ್ಟನ್‌ನಲ್ಲಿ ಕಂಪನಿ ಶುರುವಾಯಿತು. 1903ರಲ್ಲಿ ಮಾರಾಟವಾದದ್ದು ಬರೀ 51 ರೇಜರ್, 168 ಬ್ಲೇಡ್. 1904ರ ನವೆಂಬರ್ 15ರಂದು ಪೇಟೆಂಟ್ ಸಿಕ್ಕಿತು. ಆ ತಾರೀಖು ಅನೇಕ ಹಳೆ ರೇಜರ್‌ಗಳ ಮೇಲೆ ಅಚ್ಚಾಗಿದೆ, ಸಂಗ್ರಹಕಾರರಿಗೆ ಅದು ಬಾಯಿಪಾಠ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಸುಮಾರು 35 ಲಕ್ಷ ಜಿಲೆಟ್ ರೇಜರ್ ಹೋದವು. ಯುದ್ಧ ಮುಗಿಸಿ ಮನೆಗೆ ಬಂದವರು ಅದೇ ಅಭ್ಯಾಸ ಮುಂದುವರಿಸಿದರು. ಪೇಟೆಂಟ್ ಮುಗಿದ 1921ರ ನಂತರ ಬೇರೆ ಕಂಪನಿಗಳೂ ಇದೇ ತರಹದ ರೇಜರ್ ತಂದವು. ಇಂದು ಇಷ್ಟೊಂದು ಬಗೆ ಸಿಗುವುದಕ್ಕೆ ಅದೂ ಒಂದು ಕಾರಣ.

ಆ ಕಾಲದ ಎರಡು ಬಾಯಿಯ ಬ್ಲೇಡಿನ ಅಳತೆ ಹೆಚ್ಚುಕಡಿಮೆ ಇವತ್ತಿಗೂ ಅದೇ: ಸುಮಾರು 43 ಮಿ.ಮೀ. ಉದ್ದ, 22 ಮಿ.ಮೀ. ಅಗಲ, 0.1 ಮಿ.ಮೀ. ದಪ್ಪ. ಹಾಗಾಗಿ ನೂರು ವರ್ಷ ಹಳೆಯ ಜಿಲೆಟ್‌ಗೆ ಇವತ್ತು ಕಿರಾಣಿ ಅಂಗಡಿಯಲ್ಲಿ ಸಿಗುವ ಟೋಪಾಜ್‌ನಂಥ ಬ್ಲೇಡ್ ಹಾಕಬಹುದು. ಇಷ್ಟು ಹಳೆಯ ವಸ್ತುವನ್ನು ಇಷ್ಟು ಸುಲಭವಾಗಿ ದಿನಬಳಕೆಗೆ ತರಬಹುದಾದ ಹವ್ಯಾಸಗಳು ಕಡಿಮೆ.

ಏನನ್ನು ಹುಡುಕಬೇಕು

ಕಂಡದ್ದೆಲ್ಲ ಕೊಳ್ಳಬೇಡಿ. ನನ್ನ ಅಭಿಪ್ರಾಯದಲ್ಲಿ ನಾಲ್ಕೈದು ಬಗೆಯಿಂದ ಒಂದೊಂದು ಇಟ್ಟುಕೊಂಡರೆ ಸೇಫ್ಟಿ ರೇಜರ್ ಬೆಳೆದ ದಾರಿ ಪೂರ್ತಿ ಕೈಗೆ ಸಿಗುತ್ತದೆ.

ಮೊದಲನೆಯದು ಜಿಲೆಟ್ ಟೆಕ್. 1938ರಲ್ಲಿ ಬಂದದ್ದು. ಮೇಲ್ತಟ್ಟೆ, ಕೆಳತಟ್ಟೆ, ಹಿಡಿ, ಇಷ್ಟೇ ಭಾಗ. ಕೆಡುವಂಥದ್ದು ಏನೂ ಇಲ್ಲ. ಇಂಗ್ಲೆಂಡಿನಲ್ಲೂ ತಯಾರಾಗುತ್ತಿತ್ತು. ಅಜ್ಜನ ಟ್ರಂಕಿನಲ್ಲಿ ರೇಜರ್ ಸಿಕ್ಕರೆ ಕೆಳತಟ್ಟೆ ತಿರುಗಿಸಿ ಅಲ್ಲಿರುವ ಅಚ್ಚು ಓದಿ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಎರಡನೆಯದು ಜಿಲೆಟ್‌ನ ಮೊದಲ ಕಾಲದ ಓಲ್ಡ್ ಟೈಪ್. ಕೆಳತಟ್ಟೆಯ ಅಂಚಿನಲ್ಲಿ ಬಾಚಣಿಗೆಯ ತರಹ ಹಲ್ಲುಗಳಿರುತ್ತವೆ, ಹಿಡಿಯ ತುದಿ ಗುಂಡಗಿರುತ್ತದೆ. ಹೆಚ್ಚಿನವು ಹಿತ್ತಾಳೆಯ ಮೇಲೆ ಬೆಳ್ಳಿ ಲೇಪ ಹಾಕಿದವು, ಕೆಲವಕ್ಕೆ ಚಿನ್ನದ ಲೇಪ. ಪೆಟ್ಟಿಗೆಯ ವಿಷಯದಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದದ್ದು ಇವಕ್ಕೇ.

ಮೂರನೆಯದು ಸೂಪರ್ ಸ್ಪೀಡ್. 1947ರಿಂದ ಬಂದದ್ದು. ಹಿಡಿಯ ತುದಿ ತಿರುಗಿಸಿದರೆ ತಲೆಯ ಎರಡು ಬಾಗಿಲು ತೆರೆದುಕೊಳ್ಳುತ್ತವೆ. ನಾಲ್ಕನೆಯದು ಎಲ್ಲರೂ ಫ್ಯಾಟ್ ಬಾಯ್ ಎಂದು ಕರೆಯುವ ದಪ್ಪ ಹಿಡಿಯ ಅಡ್ಜಸ್ಟೆಬಲ್. 1958ರ ಕೊನೆಯಿಂದ 1961ರವರೆಗೆ ಬಂತು. ಕತ್ತಿನಲ್ಲಿ 1ರಿಂದ 9ರವರೆಗೆ ಅಂಕಿಗಳಿವೆ, ತಿರುಗಿಸಿದಂತೆ ಬ್ಲೇಡಿನ ಬಾಯಿ ಮುಂದೆ ಹಿಂದೆ ಆಗುತ್ತದೆ. ಬೆಲೆ ಜಾಸ್ತಿ, ಆತುರ ಬೇಡ. ಅದರ ನಂತರ ಬಂದ ಸ್ಲಿಮ್ ಅದೇ ಕೆಲಸ ಮಾಡುತ್ತದೆ, ಕೈಯಲ್ಲಿ ಹಗುರ.

ಐದನೆಯದಾಗಿ ಒಂದೇ ಬಾಯಿಯ ಬ್ಲೇಡಿನ ಜೆಮ್ ಅಥವಾ ಎವರ್‌ರೆಡಿ ಇಟ್ಟುಕೊಳ್ಳಬಹುದು. ಇಲ್ಲವೇ ಇಂಗ್ಲೆಂಡಿನ ರೋಲ್ಸ್ ರೇಜರ್. ಅದರ ಲೋಹದ ಡಬ್ಬಿಯಲ್ಲೇ ಒಂದು ಕಡೆ ಸಾಣೆಕಲ್ಲು, ಇನ್ನೊಂದು ಕಡೆ ಚರ್ಮದ ಪಟ್ಟಿ ಇದೆ. ಪೆಟ್ಟಿಗೆ ಮಾಡುವವರು ಅದನ್ನು ಒಮ್ಮೆ ನೋಡಲೇಬೇಕು. ಪೆಟ್ಟಿಗೆಯೇ ಉಪಕರಣವಾಗಿರುವ ಇಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಕಂಡಿಲ್ಲ.

ಅಮೆರಿಕದ ಜಿಲೆಟ್‌ಗಳ ವಯಸ್ಸು ತಿಳಿಯಲು ಒಂದು ಸುಲಭ ದಾರಿಯಿದೆ. ತಲೆಯ ಕೆಳಭಾಗದಲ್ಲಿ ಒಂದು ಇಂಗ್ಲಿಷ್ ಅಕ್ಷರ, ಒಂದು ಅಂಕಿ ಇರುತ್ತದೆ. ಅಕ್ಷರ ವರ್ಷ ಹೇಳುತ್ತದೆ, ಅಂಕಿ ಆ ವರ್ಷದ ಎಷ್ಟನೇ ಮೂರು ತಿಂಗಳು ಎಂದು ಹೇಳುತ್ತದೆ. 1950ಕ್ಕೆ ವಿ, ಅಲ್ಲಿಂದ ಡಬ್ಲ್ಯೂ, ಎಕ್ಸ್, ವೈ, 1954ಕ್ಕೆ ಝಡ್. 1955ಕ್ಕೆ ಮತ್ತೆ ಎ ಇಂದ ಶುರು. ಹಾಗಾದರೆ ಇ-2 ಎಂದರೆ 1959ರ ಏಪ್ರಿಲ್‌ನಿಂದ ಜೂನ್. ಎಚ್ ಎಂದರೆ 1962. ತಾವು ಹುಟ್ಟಿದ ವರ್ಷದ್ದೋ ಅಪ್ಪ ಹುಟ್ಟಿದ ವರ್ಷದ್ದೋ ರೇಜರ್ ಹುಡುಕುವವರು ತುಂಬಾ ಜನ ಇದ್ದಾರೆ. ಅದು ಒಳ್ಳೆಯ ಗುರಿ, ಕೊಳ್ಳುವ ಕೈಯನ್ನು ಹಿಡಿತದಲ್ಲಿ ಇಡುತ್ತದೆ.

ಕೊಳ್ಳುವ ಮುಂಚೆ ನೋಡಬೇಕಾದ್ದು

ಬೆಂಗಳೂರಿನಲ್ಲಿ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆ, ಮುಂಬೈನ ಚೋರ್ ಬಜಾರ್, ಊರೂರಿನ ಗುಜರಿ ಅಂಗಡಿಗಳು, ಇವೆಲ್ಲ ಕಡೆ ಹುಡುಕಬಹುದು. ಬಾಗಿಲು ಮುಚ್ಚುತ್ತಿರುವ ಹಳೆ ಕ್ಷೌರದಂಗಡಿಯಲ್ಲಿ ಕೇಳಿ ನೋಡಿ. ನಿಮ್ಮ ಮನೆಯ ಅಟ್ಟವನ್ನು ಮಾತ್ರ ಮರೆಯಬೇಡಿ. ಸಂತೆಗೆ ಹೋಗುವಾಗ ಜೇಬಿನಲ್ಲಿ ಮೂರು ವಸ್ತು ಇರಲಿ: ಸಣ್ಣ ಟಾರ್ಚ್, ಭೂತಕನ್ನಡಿ, ಕಾಗದದಲ್ಲಿ ಸುತ್ತಿದ ಒಂದು ಹೊಸ ಬ್ಲೇಡ್.

ಮೊದಲು ತಲೆ ನೋಡಿ. ಹಲ್ಲಿನ ರೇಜರ್ ಆದರೆ ಒಂದು ಹಲ್ಲು ಬಾಗಿದ್ದರೂ ಅದು ಎಲ್ಲೋ ಬಿದ್ದಿದೆ ಎಂದರ್ಥ. ಬಾಗಿದ ಹಲ್ಲನ್ನು ಎತ್ತಲು ಹೋದರೆ ಮುರಿಯುತ್ತದೆ. ಆಮೇಲೆ ಹಿಡಿ. ಓಲ್ಡ್ ಟೈಪ್‌ನ ಹಿಡಿ ಒಳಗೆ ಟೊಳ್ಳು. ಕತ್ತಿನ ಹತ್ತಿರ ಕೂದಲೆಳೆಯಂಥ ಬಿರುಕು ಬಂದಿರಬಹುದು, ಟಾರ್ಚ್ ಅಡ್ಡಲಾಗಿ ಹಿಡಿದರೆ ಕಾಣುತ್ತದೆ. ಆಮೇಲೆ ಮರೆ, ಅಂದರೆ ತಿರುಪಿನ ಎಳೆ ಸವೆದಿದೆಯೇ ಎಂದು ಎರಡು ಸಲ ತಿರುಗಿಸಿ ನೋಡಿ.

ಬಾಗಿಲಿನ ರೇಜರ್ ಆದರೆ ಎರಡು ಬಾಗಿಲೂ ಒಟ್ಟಿಗೆ ಏಳಬೇಕು, ಒಟ್ಟಿಗೆ ಮುಚ್ಚಬೇಕು. ಬ್ಲೇಡ್ ಹಾಕಿ ಮುಚ್ಚಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಎರಡು ಕಡೆಯೂ ಬ್ಲೇಡ್ ಒಂದೇ ಸಮ ಹೊರಗೆ ಬಂದಿರಬೇಕು. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಇದ್ದರೆ ತಲೆ ಸೊಟ್ಟಗಾಗಿದೆ. ತೋರಿಸಿ ಇಡಲು ಮಾತ್ರ ಅದು ಸರಿ, ಮುಖಕ್ಕೆ ಬೇಡ. ಫ್ಯಾಟ್ ಬಾಯ್ ಸಿಕ್ಕರೆ ಅಂಕಿ ತಿರುಗಿಸುವ ಮುಂಚೆ ಬಾಗಿಲು ಸ್ವಲ್ಪ ಸಡಿಲ ಮಾಡಿ. ಪೂರ್ತಿ ಬಿಗಿಯಾಗಿರುವಾಗ ತಿರುಗಿಸಿದರೆ ಒಳಗಿನ ಭಾಗಗಳಿಗೆ ಪೆಟ್ಟು.

ಹಸಿರು ಕಿಲುಬು ಕಂಡರೆ ಹೆದರಬೇಡಿ. ಹಿತ್ತಾಳೆಯ ಮೇಲಿನ ಕಿಲುಬು ಹೆಚ್ಚಾಗಿ ತೊಳೆದರೆ ಹೋಗುತ್ತದೆ. ಹೆದರಬೇಕಾದದ್ದು ಬೇರೆ. ಅಗ್ಗದ ರೇಜರ್‌ಗಳ ತಲೆಯನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದು ಮೇಲೆ ಕ್ರೋಮ್ ಹಾಕುತ್ತಾರೆ. ಅಂಥದ್ದರ ಮೇಲೆ ಗುಳ್ಳೆ ಎದ್ದಿದ್ದರೆ ಒಳಗಿನ ಲೋಹವೇ ತಿಂದುಹೋಗಿದೆ. ಅದಕ್ಕೆ ಮದ್ದಿಲ್ಲ. ಕೈಯಲ್ಲಿ ತೂಗಿ ನೋಡಿದರೆ ಸ್ವಲ್ಪ ಗೊತ್ತಾಗುತ್ತದೆ, ಹಿತ್ತಾಳೆ ಹೆಚ್ಚು ಭಾರ.

ಹೊಸದಾಗಿ ಲೇಪ ಹಾಕಿಸಿದ ರೇಜರನ್ನು ಹಳೆ ಲೇಪವೇ ಎಂದು ಮಾರುವವರೂ ಇದ್ದಾರೆ. ಅಚ್ಚೊತ್ತಿದ ಅಕ್ಷರದ ಅಂಚು ನೋಡಿ. ಲೇಪ ಹಾಕುವ ಮುಂಚೆ ಉಜ್ಜಿ ಪಾಲಿಷ್ ಮಾಡಿದ್ದರಿಂದ ಅಕ್ಷರಗಳು ಮೊಂಡಾಗಿರುತ್ತವೆ. ಇನ್ನೊಂದು ಮಾತು: ಒಂದರ ತಲೆ, ಇನ್ನೊಂದರ ಹಿಡಿ ಸೇರಿಸಿ ಮಾರುವುದೂ ಉಂಟು. ಲೇಪದ ಬಣ್ಣ ಮತ್ತು ಸವೆತ ಎರಡು ಭಾಗದಲ್ಲೂ ಹೊಂದಬೇಕು.

ತೊಳೆಯುವುದು

ಇಲ್ಲಿ ನಮ್ಮ ಮನೆಗಳ ಒಂದು ಅಭ್ಯಾಸವನ್ನು ಬದಿಗಿಡಬೇಕು. ಹಿತ್ತಾಳೆ ಕಂಡ ಕೂಡಲೇ ಹುಣಸೆಹಣ್ಣು, ನಿಂಬೆ ಸಿಪ್ಪೆ ಹಿಡಿದು ಉಜ್ಜುತ್ತೇವಲ್ವಾ? ದೇವರ ಮನೆಯ ದೀಪಕ್ಕೆ ಅದು ಸರಿ, ಏಕೆಂದರೆ ದೀಪ ಇಡೀ ಹಿತ್ತಾಳೆ. ರೇಜರ್ ಮೇಲಿರುವುದು ತೀರಾ ತೆಳು ಬೆಳ್ಳಿ, ಚಿನ್ನ ಅಥವಾ ನಿಕ್ಕಲ್. ಲೇಪ ಸವೆದ ಜಾಗದಲ್ಲಿ ಹುಳಿ ಒಳಗಿಳಿದು ಅಡಿಯ ಹಿತ್ತಾಳೆಯನ್ನು ತಿನ್ನುತ್ತದೆ, ಅಕ್ಕಪಕ್ಕದ ಲೇಪ ಏಳುತ್ತದೆ. ಇಟ್ಟಿಗೆ ಪುಡಿ, ಬೂದಿ, ಬ್ರಾಸೊ ಇವು ಕೂಡ ಚಿನ್ನದ ಲೇಪಕ್ಕೆ ಬೇಡವೇ ಬೇಡ.

ಬಿಸಿ ಅಲ್ಲದ, ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ದ್ರವ ನಾಲ್ಕು ಹನಿ ಹಾಕಿ. ರೇಜರ್ ಬಿಚ್ಚಿ ಅರ್ಧ ಗಂಟೆ ನೆನೆಸಿ. ಹಳೆಯ ಮೆತ್ತನೆ ಟೂತ್‌ಬ್ರಷ್‌ನಲ್ಲಿ ಉಜ್ಜಿ. ದಶಕಗಳ ಸೋಪಿನ ಪದರ ಗಟ್ಟಿಯಾಗಿರುತ್ತದೆ, ಒಂದೇ ಸಲಕ್ಕೆ ಹೋಗುವುದಿಲ್ಲ. ಮತ್ತೆ ನೆನೆಸಿ, ಮತ್ತೆ ಉಜ್ಜಿ. ಮೂಲೆಗೆ ಹಲ್ಲುಕಡ್ಡಿ ಬಳಸಿ, ಸೂಜಿ ಬೇಡ. ಕುದಿಯುವ ನೀರಿಗೆ ಹಾಕಬೇಡಿ. ಚಿನ್ನದ ಲೇಪದ ಮೇಲೆ ಕೆಲವೊಮ್ಮೆ ತೆಳು ವಾರ್ನಿಷ್ ಇರುತ್ತದೆ, ಅದು ಸುಲಿದು ಹೋಗುತ್ತದೆ.

ಬಾಗಿಲಿನ ರೇಜರ್ ಬಿಗಿಯಾಗಿದ್ದರೆ ಬಲ ಹಾಕಬೇಡಿ. ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಕೀಲುಗಳಿಗೆ ಬಿಟ್ಟು ಒಂದು ರಾತ್ರಿ ಇಡಿ. ಕೊಬ್ಬರಿ ಎಣ್ಣೆ ಬೇಡ, ಅದು ಚಳಿಗೆ ಗಟ್ಟಿಯಾಗುತ್ತದೆ, ಕಾಲ ಕಳೆದಂತೆ ಅಂಟಂಟಾಗುತ್ತದೆ. ಬಳಸುವ ಆಸೆಯಿದ್ದರೆ ಕೊನೆಗೆ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿ. ಪ್ಲಾಸ್ಟಿಕ್ ಹಿಡಿಗೆ ಮಾತ್ರ ಸ್ಪಿರಿಟ್ ತಾಗಿಸಬೇಡಿ. ಹೇರ್ ಡ್ರೈಯರ್‌ನ ತಣ್ಣನೆ ಗಾಳಿಯಲ್ಲಿ ಪೂರ್ತಿ ಒಣಗಿಸಿ. ಟೊಳ್ಳು ಹಿಡಿಯೊಳಗೆ ನೀರು ಉಳಿದರೆ ಅದೇ ನೀರು ನಾಳೆ ಪೆಟ್ಟಿಗೆಯೊಳಗೆ ಬರುತ್ತದೆ. ಒಂದಿಡೀ ದಿನ ಹೊರಗೇ ಇರಲಿ.

ರೇಜರ್ ಜೊತೆ ಬಂದ ಹಳೆ ಡಬ್ಬಿಯನ್ನು ಎಸೆಯಬೇಡಿ. ಹರಿದ ಚರ್ಮದ ಹೊದಿಕೆಯಾದರೂ ಅದು ಆ ರೇಜರ್‌ನ ಜೊತೆಯೇ ಇರಬೇಕಾದದ್ದು. ಬೇರೆ ಕಾಗದದಲ್ಲಿ ಸುತ್ತಿ ಪಕ್ಕದಲ್ಲಿಡಿ. ಆ ಕಾಲದ ಸೆಲ್ಯುಲಾಯ್ಡ್ ಹಿಡಿ ಅಥವಾ ಡಬ್ಬಿ ಸಿಕ್ಕರೆ ಮಾತ್ರ ಅದನ್ನು ಬೇರೆ ರೇಜರ್‌ಗಳಿಂದ ದೂರ ಇಡಿ. ಹಳೆಯ ಸೆಲ್ಯುಲಾಯ್ಡ್ ಕೆಡುವಾಗ ಆಮ್ಲದ ಆವಿ ಬಿಡುತ್ತದೆ, ಪಕ್ಕದ ಲೋಹ ತುಕ್ಕು ಹಿಡಿಯುತ್ತದೆ.

ಮರ, ಬಟ್ಟೆ, ಅಂಟು

ಎಲ್ಲ ಮರವೂ ಸ್ವಲ್ಪ ಹುಳಿ ಆವಿ ಬಿಡುತ್ತದೆ. ಅದರಲ್ಲಿ ವಿದೇಶದ ಓಕ್ ಮತ್ತು ಚೆಸ್ಟ್‌ನಟ್ ಅತಿ ಕೆಟ್ಟವು. ಪ್ಲೈವುಡ್, ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಎಂಡಿಎಫ್ ಹಲಗೆ ಕೂಡ ಬೇಡ, ಅವುಗಳ ಅಂಟಿನಿಂದ ಬರುವ ಆವಿ ಲೋಹಕ್ಕೆ ಆಗುವುದಿಲ್ಲ. ನಮ್ಮಲ್ಲಿ ಸಿಗುವ ಹಲಸು ಮತ್ತು ಶಿವನೆ ನನ್ನ ಮೊದಲ ಆಯ್ಕೆ. ಹಲಸು ವೀಣೆಗೆ ಬಳಸುವ ಮರ, ಉಳಿಗೆ ಚೆನ್ನಾಗಿ ಬಗ್ಗುತ್ತದೆ, ಹಳದಿ ಬಣ್ಣ ವರ್ಷ ಕಳೆದಂತೆ ಕಂದಾಗುತ್ತದೆ. ಶಿವನೆ ಹಗುರ, ಒಣಗಿದ ಮೇಲೆ ಹೆಚ್ಚು ಸೊಟ್ಟಗಾಗುವುದಿಲ್ಲ. ಒಳಗಿನ ತಟ್ಟೆಗೆ ಅದೇ ಸರಿ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರವೂ ನುಣುಪು, ಆದರೆ ಅಗಲದ ಹಲಗೆ ಸಿಗುವುದು ಕಷ್ಟ. ತೇಗ ಬಳಸಿದರೆ ಅಂಟು ಹಚ್ಚುವ ಜಾಗವನ್ನು ಥಿನ್ನರ್‌ನಿಂದ ಒರೆಸಿ, ಇಲ್ಲದಿದ್ದರೆ ಅದರ ಎಣ್ಣೆಯಂಶ ಅಂಟನ್ನು ಕಚ್ಚಿಕೊಳ್ಳಲು ಬಿಡುವುದಿಲ್ಲ. ಬೀಟೆ ಬೇಕೇ ಬೇಕು ಎನ್ನುವವರು ಹಳೆಯ ಮುರಿದ ಕುರ್ಚಿ, ಮಂಚದ ತುಂಡು ಹುಡುಕಿ. ಹಳೆ ಬಾಗಿಲು, ಕಿಟಕಿಯ ಮರ ಯಾವುದಾದರೂ ಒಳ್ಳೆಯದೇ, ವರ್ಷಗಟ್ಟಲೆ ಒಣಗಿರುತ್ತದೆ. ಮೊಳೆ ಉಳಿದಿದೆಯೇ ಎಂದು ಅಯಸ್ಕಾಂತ ಆಡಿಸಿ ನೋಡಿ ಆಮೇಲೆ ಗರಗಸ ಹಾಕಿ.

ಒಳಗೆ ಹಾಸುವ ಬಟ್ಟೆ ಉಣ್ಣೆಯದಾಗಿರಬಾರದು. ಉಣ್ಣೆಯಲ್ಲಿ ಗಂಧಕ ಇದೆ, ಬೆಳ್ಳಿ ಕಪ್ಪಾಗುವುದು ಗಂಧಕದಿಂದಲೇ. ರಬ್ಬರ್ ಬ್ಯಾಂಡ್, ರಬ್ಬರ್ ಫೋಮ್ ಕೂಡ ಅದೇ ಕಾರಣಕ್ಕೆ ಬೇಡ. ಹತ್ತಿಯ ವೆಲ್ವೆಟ್ ತನ್ನಿ. ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಕಾಗದಕ್ಕೆ ಒತ್ತಿ, ಬಣ್ಣ ಬಿಟ್ಟರೆ ಬೇರೆ ಬಟ್ಟೆ ನೋಡಿ. ಮೊದಲು ಒಗೆದು ಒಣಗಿಸಿಯೇ ಬಳಸಿ.

ಅಂಟಿಗೆ ಫೆವಿಕಾಲ್ ಸಾಕು. ಆದರೆ ಅದು ಒಣಗುವಾಗ ವಿನೆಗರ್‌ನಂಥ ಆವಿ ಬಿಡುತ್ತದೆ. ಹಾಗಾಗಿ ಕೆಲಸ ಮುಗಿದ ಪೆಟ್ಟಿಗೆಯನ್ನು ಎರಡು ಮೂರು ವಾರ ಮುಚ್ಚಳ ತೆರೆದೇ ಇಡಬೇಕು. ಮೈದಾ ಅಂಟು ಬೇಡ, ಜಿರಳೆ ಮತ್ತು ಹುಳು ಬರುತ್ತವೆ.

ಅಳತೆ ತೆಗೆಯುವುದು

ಇಲ್ಲಿ ಕೊಡುವ ಅಳತೆ ಸುಮಾರು 85 ಮಿ.ಮೀ. ಉದ್ದದ, ಮೂರು ಭಾಗದ ಒಂದು ರೇಜರ್ ಮತ್ತು ಒಂದು ಬ್ಲೇಡ್ ಪ್ಯಾಕೆಟ್ ಹಿಡಿಯುವ ಪೆಟ್ಟಿಗೆಯದು. ನಿಮ್ಮ ರೇಜರನ್ನು ಅಳೆದು ಬದಲಾಯಿಸಿಕೊಳ್ಳಿ. ಮಲಗಿಸಿದ ರೇಜರ್ ಮೇಲಿನಿಂದ ಇಂಗ್ಲಿಷಿನ ಟಿ ಅಕ್ಷರದಂತೆ ಕಾಣುತ್ತದೆ. ತಲೆ 43 ಮಿ.ಮೀ. ಅಗಲ, ಎತ್ತರ ಸುಮಾರು 25. ಹಿಡಿ ಸುಮಾರು 12. ಟಿಯನ್ನು ಪೆಟ್ಟಿಗೆಯ ನಡುವೆ ಇಡದೆ ಒಂದು ಬದಿಗೆ ಸರಿಸಿದರೆ ಹಿಡಿಯ ಪಕ್ಕದಲ್ಲಿ ಬ್ಲೇಡ್ ಪ್ಯಾಕೆಟ್‌ಗೆ ಸರಿಯಾಗಿ ಜಾಗ ಸಿಗುತ್ತದೆ, ಪೆಟ್ಟಿಗೆ ಚಿಕ್ಕದಾಗುತ್ತದೆ.

ಬೇಕಾಗುವ ಮರ:

- ಗೋಡೆಗಳಿಗೆ 8 ಮಿ.ಮೀ. ದಪ್ಪ, 52 ಮಿ.ಮೀ. ಅಗಲ, 50 ಸೆಂ.ಮೀ. ಉದ್ದದ ಒಂದೇ ಪಟ್ಟಿ
- ಮೇಲೆ, ಕೆಳಗೆ ಹಾಕಲು 4 ಮಿ.ಮೀ. ದಪ್ಪದ ಎರಡು ಹಲಗೆ, ತಲಾ 117 × 77 ಮಿ.ಮೀ.
- ಒಳಗಿನ ತಟ್ಟೆಗೆ 18 ಮಿ.ಮೀ. ದಪ್ಪ ಶಿವನೆ, 109 × 68 ಮಿ.ಮೀ.

ಹೊರ ಅಳತೆ 126 × 86, ಒಳ ಅಳತೆ 110 × 70 ಆಗುತ್ತದೆ. ತಟ್ಟೆ ಉದ್ದದಲ್ಲಿ 1 ಮಿ.ಮೀ. ಮಾತ್ರ ಕಡಿಮೆ, ಅಗಲದಲ್ಲಿ 2 ಕಡಿಮೆ ಇರುವುದನ್ನು ಗಮನಿಸಿ. ಮಳೆಗಾಲದಲ್ಲಿ ಮರ ಉದ್ದಕ್ಕೆ ಹಿಗ್ಗುವುದಿಲ್ಲ ಎನ್ನಬಹುದು, ಅಗಲಕ್ಕೆ ಹಿಗ್ಗುತ್ತದೆ. ತಂದ ಮರವನ್ನು ಕೂಡಲೇ ಕೊಯ್ಯಬೇಡಿ. ನಾಲ್ಕಾರು ವಾರ ಮನೆಯೊಳಗೆ, ಗಾಳಿಯಾಡುವ ಕಡೆ ಇಡಿ.

ಪೆಟ್ಟಿಗೆ ಕಟ್ಟುವುದು

ಮುಚ್ಚಳ ಬೇರೆ, ಡಬ್ಬಿ ಬೇರೆ ಮಾಡಿ ಹೊಂದಿಸುವುದು ಕಷ್ಟ. ಎಲ್ಲ ಕಡೆ ಮುಚ್ಚಿದ ಒಂದೇ ಪೆಟ್ಟಿಗೆ ಮಾಡಿ, ಆಮೇಲೆ ಗರಗಸದಲ್ಲಿ ಮುಚ್ಚಳ ಬೇರ್ಪಡಿಸುವುದು ಸುಲಭ. ಮರದ ಎಳೆಯೂ ಡಬ್ಬಿಯಿಂದ ಮುಚ್ಚಳಕ್ಕೆ ಮುರಿಯದೆ ಸಾಗುತ್ತದೆ.

ಉದ್ದದ ಪಟ್ಟಿಯ ಒಳಮುಖದಲ್ಲಿ ಮೇಲಿನ ಅಂಚಿನಿಂದ 3 ಮಿ.ಮೀ. ಬಿಟ್ಟು ಒಂದು, ಕೆಳಗಿನ ಅಂಚಿನಿಂದ 3 ಮಿ.ಮೀ. ಬಿಟ್ಟು ಇನ್ನೊಂದು ಗ್ರೂವ್, ಅಂದರೆ ಹಲಗೆಯ ಅಂಚು ಕೂರುವ ಉದ್ದನೆಯ ಕಾಲುವೆ, ತೆಗೆಯಿರಿ. ಅಗಲ 4, ಆಳ 4. ರೂಟರ್ ಎಂಬ ಮರ ಕೊರೆಯುವ ಯಂತ್ರ ಇದ್ದರೆ ಐದು ನಿಮಿಷದ ಕೆಲಸ. ಇಲ್ಲದಿದ್ದರೆ ನೇರ ಪಟ್ಟಿ ಆನಿಸಿ ಗರಗಸದಲ್ಲಿ ಎರಡು ಗೆರೆ ಕೊಯ್ದು ನಡುವಿನದನ್ನು ಸಣ್ಣ ಉಳಿಯಲ್ಲಿ ತೆಗೆಯಿರಿ. ಹತ್ತಿರದ ಬಡಗಿಯವರ ಹತ್ತಿರ ಕೇಳಿದರೆ ಅವರ ಯಂತ್ರದಲ್ಲಿ ಎಳೆದುಕೊಡುತ್ತಾರೆ.

ಈಗ ಪಟ್ಟಿಯನ್ನು 126, 86, 126, 86 ಎಂಬ ಕ್ರಮದಲ್ಲೇ, ತುದಿಗಳನ್ನು 45 ಡಿಗ್ರಿಗೆ ಕೊಯ್ಯಿರಿ. ಕ್ರಮ ತಪ್ಪಬಾರದು, ಎಳೆ ಮೂಲೆಯಲ್ಲಿ ಮುಂದುವರಿಯುವುದು ಅದರಿಂದಲೇ. ಎದುರುಬದುರು ಗೋಡೆಗಳು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಬಾರದು. ಎರಡನ್ನೂ ಜೋಡಿಸಿ ಹಿಡಿದು ಉಪ್ಪುಕಾಗದದ ಮೇಲೆ ಉಜ್ಜಿ ಸಮ ಮಾಡಿ.

ಅಂಟಿಸುವ ಮುಂಚೆ ಒಳಮುಖಗಳಿಗೆ ಮತ್ತು ಎರಡು ಹಲಗೆಗೆ ಸ್ಪಿರಿಟ್ ಪಾಲಿಷ್ ಮಾಡಿಕೊಳ್ಳಿ. ಅಂದರೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ್ದು. ಹಾರ್ಡ್‌ವೇರ್ ಅಂಗಡಿಯಲ್ಲಿ ಅರಗಿನ ಚೂರು ಸಿಗುತ್ತದೆ. ತೆಳುವಾಗಿ ಮೂರು ನಾಲ್ಕು ಕೈ ಹಚ್ಚಿ. ಸ್ಪಿರಿಟ್ ಆರಿಹೋಗುತ್ತದೆ, ಉಳಿದ ಅರಗು ಮರದಿಂದ ಬರುವ ಆವಿಗೆ ತಡೆಯಾಗುತ್ತದೆ. ಅಗಸೆ ಎಣ್ಣೆ, ಎಣ್ಣೆ ಪೇಂಟ್, ವಾರ್ನಿಷ್ ಒಳಗೆ ಎಂದೂ ಹಚ್ಚಬೇಡಿ, ಅವು ತಿಂಗಳುಗಟ್ಟಲೆ ಆವಿ ಬಿಡುತ್ತವೆ. ಅಂಟು ಬೀಳುವ 45 ಡಿಗ್ರಿಯ ಮುಖಕ್ಕೆ ಮಾತ್ರ ಪಾಲಿಷ್ ತಾಗದಂತೆ ನೋಡಿಕೊಳ್ಳಿ.

ನಾಲ್ಕು ಗೋಡೆಗಳನ್ನೂ ಹೊರಮುಖ ಮೇಲಾಗಿ ಸಾಲಾಗಿ ಮಲಗಿಸಿ, ತುದಿಗೆ ತುದಿ ತಾಗಿಸಿ, ಮಾಸ್ಕಿಂಗ್ ಟೇಪ್ ಹಚ್ಚಿ. ಮಗುಚಿ ಹಾಕಿ. ಕೊಯ್ದ ಮುಖಗಳಿಗೆ ಅಂಟು ಸವರಿ, ಎರಡು ಹಲಗೆಗಳನ್ನೂ ಗ್ರೂವ್‌ನಲ್ಲಿ ಕೂರಿಸಿ ಚಾಪೆಯಂತೆ ಸುತ್ತಿ. ಹಲಗೆಗೆ ಅಂಟು ಬೇಡ. ಅವು ಗ್ರೂವ್‌ನಲ್ಲಿ ಸಡಿಲವಾಗಿದ್ದರೆ ಮಾತ್ರ ಹಿಗ್ಗಿದಾಗ ಮೂಲೆ ಬಿಡುವುದಿಲ್ಲ. ಕೊನೆಯ ಮೂಲೆಗೂ ಟೇಪ್ ಹಾಕಿ, ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡೂ ಅಳತೆ ಒಂದೇ ಆದರೆ ಪೆಟ್ಟಿಗೆ ಸರಿಯಾಗಿದೆ. ಒಂದು ದಿನ ಮುಟ್ಟಬೇಡಿ.

45 ಡಿಗ್ರಿಯ ಮೂಲೆ ಬರೀ ಅಂಟಿನ ಮೇಲೆ ನಿಂತರೆ ಗಟ್ಟಿಯಿಲ್ಲ. ಪ್ರತಿ ಮೂಲೆಯಲ್ಲೂ ಕೆಳಗಿನಿಂದ 15 ಮತ್ತು 40 ಮಿ.ಮೀ. ಎತ್ತರದಲ್ಲಿ ಗರಗಸದಿಂದ ಸೀಳು ಕೊಟ್ಟು, 2 ಮಿ.ಮೀ. ದಪ್ಪದ ಮರದ ಚೂರು ಅಂಟು ಹಚ್ಚಿ ಕೂರಿಸಿ. ಒಣಗಿದ ಮೇಲೆ ಮಟ್ಟಸ ಮಾಡಿ. ಹಲಸಿನ ಪೆಟ್ಟಿಗೆಗೆ ಬೀಟೆಯ ಚೂರು ಹಾಕಿದರೆ ನೋಡಲೂ ಚೆಂದ.

ಈಗ ಕೆಳಗಿನಿಂದ 29 ಮಿ.ಮೀ.ಗೆ ಸುತ್ತಲೂ ಗೆರೆ ಎಳೆದು ಮುಚ್ಚಳ ಕೊಯ್ಯಿರಿ. ತೆಳು ಅಲಗಿನ ಗರಗಸ ಬೇಕು. ಮೊದಲು ಉದ್ದದ ಎರಡು ಬದಿ. ಆ ಸೀಳಿಗೆ ಅಷ್ಟೇ ದಪ್ಪದ ರಟ್ಟಿನ ಚೂರು ಸಿಕ್ಕಿಸಿ ಟೇಪ್ ಸುತ್ತಿ, ಆಮೇಲೆ ಚಿಕ್ಕ ಬದಿ ಕೊಯ್ಯಿರಿ. ಹೀಗೆ ಮಾಡದಿದ್ದರೆ ಸೀಳು ಮುಚ್ಚಿಕೊಂಡು ಗರಗಸ ಸಿಕ್ಕಿಹಾಕಿಕೊಳ್ಳುತ್ತದೆ. ಕೊನೆಗೆ ದಪ್ಪ ಗಾಜಿನ ಅಥವಾ ಗ್ರಾನೈಟ್ ಕಲ್ಲಿನ ಮೇಲೆ ಉಪ್ಪುಕಾಗದ ಅಂಟಿಸಿ, ಡಬ್ಬಿಯ ಮತ್ತು ಮುಚ್ಚಳದ ಅಂಚನ್ನು ಅದರ ಮೇಲೆ ಉಜ್ಜಿ. ಬೆಳಕು ತೂರದಷ್ಟು ಕೂಡಿಕೊಂಡರೆ ಸಾಕು.

ಹಿಂದೆ 20 ಮಿ.ಮೀ.ನ ಎರಡು ಹಿತ್ತಾಳೆ ಹಿಂಜ್ ಹಾಕಿ. ಹಿತ್ತಾಳೆ ಸ್ಕ್ರೂ ಮೆತ್ತಗಿರುತ್ತದೆ, ಗಟ್ಟಿ ಮರದಲ್ಲಿ ತಲೆ ಮುರಿದುಕೊಳ್ಳುತ್ತದೆ. ಮೊದಲು ಸಣ್ಣ ತೂತು ಕೊರೆದು, ಅದೇ ಅಳತೆಯ ಉಕ್ಕಿನ ಸ್ಕ್ರೂ ತಿರುಗಿಸಿ ದಾರಿ ಮಾಡಿ, ಅದನ್ನು ತೆಗೆದು ಹಿತ್ತಾಳೆಯದನ್ನು ಹಾಕಿ. ಸ್ಕ್ರೂ 6 ಮಿ.ಮೀ.ಗಿಂತ ಉದ್ದ ಇರಬಾರದು, ಗೋಡೆ 8 ಮಾತ್ರ. ಮುಂದೆ ಚಿಲಕದ ಬದಲು 5 ಮಿ.ಮೀ.ನ ಸಣ್ಣ ಅಯಸ್ಕಾಂತದ ಜೋಡಿ ಅಂಚಿನಲ್ಲಿ ಕೂರಿಸಬಹುದು. ಹಿತ್ತಾಳೆಯ ರೇಜರ್‌ಗೆ ಅದರಿಂದ ಏನೂ ಆಗುವುದಿಲ್ಲ.

ರೇಜರ್ ಮಲಗುವ ತಟ್ಟೆ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದ್ದು ಇದಕ್ಕೆ. ತಟ್ಟೆಯನ್ನು ಪೆಟ್ಟಿಗೆಗೆ ಅಂಟಿಸಬೇಡಿ. ಎತ್ತಿ ತೆಗೆಯುವಂತಿದ್ದರೆ ಬಟ್ಟೆ ಬದಲಾಯಿಸಬಹುದು, ನಾಳೆ ಬೇರೆ ರೇಜರ್‌ಗೆ ಬೇರೆ ತಟ್ಟೆ ಮಾಡಬಹುದು.

ಕಾಗದದ ಮೇಲೆ ರೇಜರ್ ಮಲಗಿಸಿ ಸುತ್ತಲೂ ಗೆರೆ ಎಳೆಯಿರಿ. ಬಟ್ಟೆಯ ದಪ್ಪಕ್ಕೆ ಸುತ್ತಲೂ 1 ಮಿ.ಮೀ. ಸೇರಿಸಿ ಕತ್ತರಿಸಿ, ತಟ್ಟೆಯ ಮೇಲೆ ಅಂಟಿಸಿ. ತಲೆಯ ಎಡತುದಿ ಎಡ ಅಂಚಿನಿಂದ 7 ಮಿ.ಮೀ. ದೂರ, ಮೇಲಿನ ಅಂಚಿನಿಂದ 8 ಮಿ.ಮೀ. ದೂರ ಇರಲಿ. ತಲೆಯ ಗುಳಿ 13 ಮಿ.ಮೀ. ಆಳ ಬೇಕು. ಚಪ್ಪಟೆ ತಳದ ಡ್ರಿಲ್ ಬಿಟ್‌ನಲ್ಲಿ ಮೊದಲು ತೂತುಗಳನ್ನು ಹಾಕಿ, ನಡುವೆ ಉಳಿದದ್ದನ್ನು ಉಳಿ ಮತ್ತು ಕೊಡತಿಯಿಂದ ತೆಗೆಯಿರಿ. ಹಿಡಿಯ ಗುಳಿ ಹಿಡಿಯ ಅರ್ಧ ದಪ್ಪಕ್ಕಿಂತ 1 ಮಿ.ಮೀ. ಹೆಚ್ಚು ಆಳ, ತಳ ಗುಂಡಗಿರಬೇಕು. ಗುಂಡು ಬಾಯಿಯ ಉಳಿ ಇಲ್ಲದಿದ್ದರೆ ಪೆನ್ನಿಗೆ ಉಪ್ಪುಕಾಗದ ಸುತ್ತಿ ಉಜ್ಜಿ ಗುಂಡಗೆ ಮಾಡಬಹುದು. ಹಿಡಿಯ ಬಲಕ್ಕೆ ಪ್ಯಾಕೆಟ್‌ನ ಗುಳಿ, ಸುಮಾರು 26 × 47 ಮಿ.ಮೀ., ನಿಮ್ಮ ಪ್ಯಾಕೆಟ್ ಅಳೆದು ಖಚಿತ ಮಾಡಿಕೊಳ್ಳಿ. ಹಿಡಿಯ ತುದಿಯ ಹತ್ತಿರ ಎರಡು ಪಕ್ಕದಲ್ಲೂ ಬೆರಳು ಹೋಗುವಷ್ಟು ಜಾಗ ಕೆತ್ತಿ. ಇದಿಲ್ಲದಿದ್ದರೆ ರೇಜರ್ ತೆಗೆಯಲು ಪ್ರತಿಸಲ ಪೆಟ್ಟಿಗೆಯನ್ನೇ ಬೋರಲು ಹಾಕಬೇಕಾಗುತ್ತದೆ.

ರೇಜರ್ ಗುಳಿಯಲ್ಲಿ ಬಿಗಿಯಾಗಿ ಕೂರಬಾರದು, ಅಲುಗಾಡಲೂಬಾರದು. ಬಟ್ಟೆ ಹಾಸದೆ ಒಮ್ಮೆ ಇಟ್ಟು ನೋಡಿ, ಸುತ್ತಲೂ ಒಂದು ಕಾರ್ಡ್‌ಬೋರ್ಡ್ ತೂರುವಷ್ಟು ಸಡಿಲ ಇರಬೇಕು.

ಬಟ್ಟೆಗೆ ಅಂಟನ್ನು ಹಚ್ಚಬೇಡಿ, ಮರಕ್ಕೆ ತೆಳುವಾಗಿ ಹಚ್ಚಿ ಸ್ವಲ್ಪ ಆರಿದ ಮೇಲೆ ಬಟ್ಟೆ ಒತ್ತಿ. ಇಲ್ಲದಿದ್ದರೆ ಅಂಟು ಮೇಲೆ ಒಸರಿ ವೆಲ್ವೆಟ್ ಗಟ್ಟಿಯಾಗುತ್ತದೆ. ಗುಳಿಯ ತಳಕ್ಕೆ ಒಂದು ತುಂಡು, ಬದಿಗೆ ಬೇರೆ ಪಟ್ಟಿ ಹಾಕಿದರೆ ಸುಕ್ಕು ಬರುವುದಿಲ್ಲ. ಮುಚ್ಚಳದ ಒಳಗೂ ಒಂದು ಪದರ ಇರಲಿ. ಬಟ್ಟೆಯೇ ಬೇಡ ಎನ್ನುವವರು ಗುಳಿಗೆ ಅರಗಿನ ಪಾಲಿಷ್ ಮಾಡಿ ಹಾಗೇ ಬಿಡಬಹುದು. ಬೆಳ್ಳಿ ಲೇಪಕ್ಕೆ ಅದು ಇನ್ನೂ ಒಳ್ಳೆಯದು ಎಂದೇ ನನ್ನ ಅನಿಸಿಕೆ.

ಹೊರಗಡೆಗೂ ಅರಗಿನ ಪಾಲಿಷ್, ಮೇಲೆ ಜೇನುಮೇಣ ಸ್ವಲ್ಪ. ಹತ್ತಿ ಬಟ್ಟೆಯಲ್ಲಿ ಉಜ್ಜಿದರೆ ಹದವಾದ ಹೊಳಪು ಬರುತ್ತದೆ.

ಇಟ್ಟ ಮೇಲೆ

ಬ್ಲೇಡ್ ಹಾಕಿದ ರೇಜರನ್ನು ಪೆಟ್ಟಿಗೆಯಲ್ಲಿ ಇಡಬೇಡಿ. ಬ್ಲೇಡಿನ ಉಕ್ಕು ಮೊದಲು ತುಕ್ಕು ಹಿಡಿದು ತಲೆಗೆ ಕಲೆ ಮಾಡುತ್ತದೆ. ಬಳಸಿದ ಬ್ಲೇಡ್‌ಗಳನ್ನು ಹಳೆಯ ತಗಡಿನ ಡಬ್ಬಿಗೆ ಸೀಳು ಮಾಡಿ ಅದರಲ್ಲಿ ತುಂಬಿ, ತುಂಬಿದ ಮೇಲೆ ಟೇಪ್ ಸುತ್ತಿ ವಿಲೇವಾರಿ ಮಾಡಿ. ಕಸ ಎತ್ತುವವರ ಕೈ ಕೊಯ್ಯಬಾರದಲ್ವಾ?

ಪೆಟ್ಟಿಗೆಯಲ್ಲಿ ನುಸಿಗುಳಿಗೆ, ಕರ್ಪೂರ ಇಡಬೇಡಿ. ಪ್ಲಾಸ್ಟಿಕ್ ಹಿಡಿಗಳನ್ನು ನುಸಿಗುಳಿಗೆ ಮೆತ್ತಗೆ ಮಾಡುತ್ತದೆ. ಕರಾವಳಿ, ಮಲೆನಾಡಿನಲ್ಲಿರುವವರು ತಟ್ಟೆಯಲ್ಲಿ ಇನ್ನೊಂದು ಗುಳಿ ಮಾಡಿ ಸಿಲಿಕಾ ಜೆಲ್‌ನ ಸಣ್ಣ ಪೊಟ್ಟಣ ಇಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಪೊಟ್ಟಣ ಬದಲಾಯಿಸಿ, ಬಿಸಿಲಿರುವ ದಿನ ಪೆಟ್ಟಿಗೆ ತೆರೆದು ನೆರಳಿನಲ್ಲಿ ಗಾಳಿಗೆ ಇಡಿ. ನೇರ ಬಿಸಿಲು ಬೇಡ, ಹಲಗೆ ಸೀಳುತ್ತದೆ.

ಪ್ರತಿ ಪೆಟ್ಟಿಗೆಯ ತಟ್ಟೆಯ ಕೆಳಗೆ ಒಂದು ಚೀಟಿ ಇರಲಿ. ಯಾವ ರೇಜರ್, ಅಚ್ಚಿನ ಅಕ್ಷರ ಮತ್ತು ಅಂಕಿ, ಎಲ್ಲಿ ಸಿಕ್ಕಿತು, ಯಾರ ಮನೆಯದು, ಏನು ಹಾಕಿ ತೊಳೆದಿರಿ, ಯಾವ ಮರ, ಯಾವ ಪಾಲಿಷ್. ಪೆನ್ಸಿಲ್‌ನಲ್ಲಿ ಬರೆಯಿರಿ. ಪತ್ರಿಕೆ ಕಾಗದದ ಮೇಲೆ ಬರೆಯಬೇಡಿ, ಅದರಲ್ಲೂ ಹುಳಿ ಇದೆ.

ಮೊದಲ ಮಳೆಗಾಲದಲ್ಲಿ ಮುಚ್ಚಳ ಸ್ವಲ್ಪ ಬಿಗಿಯಾಗಬಹುದು. ಆಗಲೇ ಕೀಸುಳಿ ಹಿಡಿದು ಅಂಚು ಸವರಬೇಡಿ. ಜನವರಿವರೆಗೆ ಕಾಯಿರಿ. ಮರ ಒಣಗಿ ಮೊದಲಿನ ಅಳತೆಗೆ ಬಂದರೆ ಹಾಗೇ ಬಿಡಿ. ಆಗಲೂ ಬಿಗಿಯಿದ್ದರೆ ಉಪ್ಪುಕಾಗದದಲ್ಲಿ ತಾಗುವ ಜಾಗವನ್ನಷ್ಟೇ ಉಜ್ಜಿ, ಅಲ್ಲಿಗೆ ಮತ್ತೆ ಒಂದು ಕೈ ಅರಗು ಹಚ್ಚಿ.